ಗುಮ್ಮಟದ ಹರಾಜು

ಸಿಟ್ಟಿನ ಮನುಷ್ಯನ ಬಾಯಿ ಕಿತ್ತುಕೊಂಡರೆ ಅವನ ಪಾಡು ಏನಾಗುತ್ತದೆ ಎಂದು ತಿಳಿಯಬೇಕಿದ್ದರೆ ಗುಡುಗಣ್ಣನನ್ನು ನೋಡಬೇಕಿತ್ತು. ಬೈಗುಳ ಹೊಟ್ಟೆಯಿಂದ ಹೊರಡುತ್ತಿತ್ತು, ಎದೆ ದಾಟುತ್ತಿತ್ತು, ಗಂಟಲಿಗೆ ಬಂದು ಬೀಗ ಹಾಕಿದ ಮನೆಯೆದುರು ನಿಂತ ನೆಂಟನ ಹಾಗೆ ನಿಂತುಬಿಡುತ್ತಿತ್ತು. ಆಮೇಲೆ ಅದು ಕೈಗೆ ಇಳಿಯುತ್ತಿತ್ತು. ಚಪ್ಪಾಳೆ ತಟ್ಟುತ್ತಿದ್ದ, ಮೇಜು ಗುದ್ದುತ್ತಿದ್ದ, ಊಟದ ತಟ್ಟೆಗೆ ಚಮಚದಿಂದ ಬಾರಿಸುತ್ತಿದ್ದ. ಹೆಂಡತಿ ಒಳಗಿಂದ ಬಂದು, "ಏನ್ರೀ, ಉಪ್ಪು ಬೇಕಾ?" ಎಂದು ಕೇಳುತ್ತಿದ್ದಳು. ಅವನಿಗೆ ಬೇಕಾಗಿದ್ದುದು ಉಪ್ಪಲ್ಲ, ಫ್ಯಾನು ಹಾಕಬೇಕಿತ್ತು. ಆದರೆ ಉಪ್ಪು ಬರುತ್ತಿತ್ತು.

ಗುಡುಗಣ್ಣ ಎಂಬುದು ಸಗಟು ಮಾರುಕಟ್ಟೆಯವರು ಇಟ್ಟ ಹೆಸರು. ಅಲ್ಲಿ ಅವನು ಹಣ್ಣು ತರಕಾರಿಯ ಹರಾಜು ಕೂಗುತ್ತಿದ್ದ. ಮುಂಜಾನೆ ಲಾರಿಗಳಿಂದ ಮಾಲು ಇಳಿಯುತ್ತಿದ್ದಂತೆ ಒಂದು ಮರದ ಪೆಟ್ಟಿಗೆ ಬೋರಲು ಹಾಕಿ ಅದರ ಮೇಲೆ ಹತ್ತಿ ನಿಂತನೆಂದರೆ ಮುಗಿಯಿತು. ಅವನ ದನಿಗೆ ಗೇಟಿನಾಚೆಯ ಟೀ ಅಂಗಡಿಯ ಗ್ಲಾಸುಗಳು ಅಲುಗುತ್ತಿದ್ದವು ಎನ್ನುತ್ತಿದ್ದರು. ಅದರಲ್ಲಿ ಸ್ವಲ್ಪ ಸುಳ್ಳು ಇರಬಹುದು. ಆದರೆ ಟೀ ಅಂಗಡಿಯವನು ಕೂತಲ್ಲಿಂದ ಏಳದೆ ಆ ದಿನದ ಟೊಮೇಟೊ ದರ ಹೇಳುತ್ತಿದ್ದುದು ಮಾತ್ರ ನಿಜ.

ಗುಡುಗಣ್ಣನದು ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಮಾಲಿನ ದೋಷ ಮೊದಲು, ಗುಣ ಆಮೇಲೆ. ಬೇರೆ ಕೂಗುವವರು, "ಬಂಗಾರದಂಥ ಹಣ್ಣು!" ಎಂದು ಶುರು ಮಾಡಿದರೆ ಇವನು, "ಅಡಿಯಲ್ಲಿರೋ ಹಣ್ಣು ಮೆತ್ತಗಾಗಿದಾವೆ, ಒಂದು ಪೆಟ್ಟಿಗೆ ಬಿಸಿಲಿಗೆ ಬಾಡಿದೆ, ಕೇಳಿಸ್ಕೊಂಡ್ರಾ? ಈಗ ಒಳ್ಳೇದು ಹೇಳ್ತೀನಿ" ಎನ್ನುತ್ತಿದ್ದ. ದೋಷ ಕೇಳಿಯೇ ಎದ್ದು ಹೊರಟವನನ್ನು ಮತ್ತೆ ಸವಾಲಿಗೆ ಸೇರಿಸುತ್ತಿರಲಿಲ್ಲ. "ದೋಷ ತಡ್ಕೊಳ್ಳದವನಿಗೆ ಮಾಲು ದಕ್ಕಲ್ಲ, ನಡೀರಿ" ಎಂದು ಪೆಟ್ಟಿಗೆಯ ಮೇಲಿಂದಲೇ ಓಡಿಸುತ್ತಿದ್ದ. ಇದಕ್ಕೇ ಬೆಳೆಗಾರರು ಬೈದುಕೊಂಡರೂ ಅವನ ಹತ್ತಿರವೇ ಮಾಲು ತರುತ್ತಿದ್ದರು. ಗುಡುಗಣ್ಣ ಒಳ್ಳೆಯದು ಎಂದರೆ ಅದು ಒಳ್ಳೆಯದೇ ಎಂದು ಕೊಳ್ಳುವವರಿಗೆ ಗೊತ್ತಿತ್ತು.

ಅಂಥ ಗಂಟಲಲ್ಲಿ ಗಡ್ಡೆ ಬೆಳೆಯಿತು. ಡಾಕ್ಟರು ಕುಯ್ದು ತೆಗೆದರು, ಜೀವ ಉಳಿಯಿತು, ದನಿ ಹೋಯಿತು. ಪೂರ್ತಿ ಹೋಗಲಿಲ್ಲ. ಹರಿದ ಪಟಕ್ಕೆ ಗಾಳಿ ಹೊಕ್ಕಂಥ ಒಂದು ಪಿಸುಮಾತು ಉಳಿಯಿತು. "ಇದನ್ನ ದಿನಾ ಬಳಸಿ. ಬಳಸದ ಬಾವಿ ಹೂಳು ತುಂಬ್ಕೊಳ್ಳುತ್ತೆ. ನೀವು ಸುಮ್ನೆ ಕೂತ್ರೆ ಇರೋದೂ ಹೋಗುತ್ತೆ, ಆಮೇಲೆ ನನ್ನ ಹತ್ರ ಔಷಧಿ ಇಲ್ಲ" ಎಂದಿದ್ದರು ಡಾಕ್ಟರು.

ಆಸ್ಪತ್ರೆಯಿಂದ ಮನೆಗೆ ಬಂದ ದಿನ ಅವನು ಬಳಸಿದ. ಮಗಳ ಮಗಳು ಪುಟ್ಟಿ ಓಡಿ ಬಂದು ತೊಡೆ ಹತ್ತಿದ್ದಳು. ಅವಳ ಕಿವಿಯ ಹತ್ತಿರ ಬಾಗಿ, "ಪುಟ್ಟೀ" ಎಂದ. ಮಗು ಅವನ ಮುಖವನ್ನೇ ನೋಡಿತು, ತುಟಿ ನಡುಗಿಸಿತು, ಕಿಟಾರನೆ ಕಿರುಚಿ ಅಡುಗೆಮನೆಗೆ ಓಡಿ ಅಜ್ಜಿಯ ಸೀರೆಯೊಳಗೆ ಅಡಗಿಕೊಂಡಿತು. ಅಷ್ಟೇ. ಅಂದು ಮುಚ್ಚಿದ ಬಾಯನ್ನು ಗುಡುಗಣ್ಣ ಮನುಷ್ಯರೆದುರು ಮತ್ತೆ ತೆರೆಯಲಿಲ್ಲ. ದಿನಾ ಬಚ್ಚಲುಮನೆಯಲ್ಲಿ ನಲ್ಲಿ ಪೂರ್ತಿ ಬಿಟ್ಟುಕೊಂಡು, ಆ ಸದ್ದಿನ ಮರೆಯಲ್ಲಿ, ಇಲ್ಲದ ಮಾಲಿಗೆ ಇಲ್ಲದ ಜನರೆದುರು ಪಿಸುಗುಟ್ಟುತ್ತಾ ಹರಾಜು ಕೂಗುತ್ತಿದ್ದ. ಈಚೆಗೆ ಅದೂ ಕಮ್ಮಿಯಾಗಿತ್ತು. ಹೋದ ಸಲ ತಪಾಸಣೆಗೆ ಹೋದಾಗ ಡಾಕ್ಟರು ಗಂಟಲೊಳಗೆ ದೀಪ ಬಿಟ್ಟು ನೋಡಿ ತಲೆ ಅಲ್ಲಾಡಿಸಿದ್ದರು. "ಬಿಗಿದುಕೊಳ್ತಾ ಇದೆ, ಯಜಮಾನ್ರೇ. ಈ ಬೇಸಿಗೆ ಕಳೆಯೋದ್ರೊಳಗೆ ಮಾತಾಡೋಕೆ ಶುರು ಮಾಡ್ಲಿಲ್ಲ ಅಂದ್ರೆ ಆಸೆ ಬಿಡಿ."

ಅವನ ಬದಲು ಹೆಂಡತಿ ಮಾತಾಡುತ್ತಿದ್ದಳು. ಅವಳು ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡು ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದಳು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡಬಲ್ಲ ಹೆಂಗಸು. ನೋಡಲು ಬಂದವರಿಗೆಲ್ಲ, "ಅವರಿಗೆ ನಿಮ್ಮನ್ನ ನೋಡಿ ತುಂಬಾ ಖುಷಿಯಾಗಿದೆ" ಎನ್ನುತ್ತಿದ್ದಳು. ಅವನು ಆ ಹೊತ್ತಿಗೆ, ಈ ಶನಿ ಯಾವಾಗ ಎದ್ದು ಹೋಗುತ್ತದೋ ಎಂದು ಹಲ್ಲು ಕಡಿಯುತ್ತಿರುತ್ತಿದ್ದ.

ತಿರುಗಾಟಕ್ಕೆ ಹೋಗೋಣ ಎಂದು ಹಟ ಹಿಡಿದವಳು ಮಗಳು. ಆಸ್ಪತ್ರೆಯ ಗೋಡೆ ಬಿಟ್ಟರೆ ಅಪ್ಪ ಅಮ್ಮ ಬೇರೇನೂ ನೋಡಿಲ್ಲ, ಒಂದು ದಿನವಾದರೂ ನೀರು, ಮರ, ಹಳೆಯ ಕಟ್ಟಡ ನೋಡಿ ಬರಲಿ ಎಂದು ಅವಳ ಆಸೆ. ಬೇಸಿಗೆಯ ಕೊನೆ, ಶಾಲೆ ತೆರೆಯುವ ಮುಂಚಿನ ದಿನಗಳು, ಹೆಂಡತಿಗೆ ಕತ್ತರಿ ಕೆಳಗಿಡಲು ಪುರಸೊತ್ತಿಲ್ಲದ ಕಾಲ. ಆದರೂ ಅವಳು ಕತ್ತರಿಸಿಟ್ಟ ಅಂಗಿಗಳ ರಾಶಿಯ ಮೇಲೆ ಬಟ್ಟೆ ಹೊದಿಸಿ, "ಮಕ್ಕಳು ಒಂದು ದಿನ ಹಳೇ ಅಂಗೀಲೇ ಹೋಗ್ಲಿ ಬಿಡು" ಎಂದಳು.

ಅಳಿಯ ಯಾರದೋ ವ್ಯಾನು ತಂದಿದ್ದ. ಅಳಿಯ ಒಳ್ಳೆಯವನು. ಅದೇ ಅವನ ದೋಷ ಎಂದು ಗುಡುಗಣ್ಣನ ಅಭಿಪ್ರಾಯ. ಯಾರು ಏನೆಂದರೂ ಹೂಂಗುಟ್ಟುತ್ತಿದ್ದ, ಮೊಬೈಲು ಹೇಳಿದ ದಾರಿಗೂ ಹೂಂಗುಟ್ಟುತ್ತಿದ್ದ. ಊರು ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ರಸ್ತೆ ಎರಡಾಯಿತು. ಎಡಕ್ಕೆ ಹೋಗಬೇಕಿತ್ತು. ಲಾರಿಯವರ ಬಾಯಲ್ಲಿ ಅಷ್ಟು ವರ್ಷ ಕೇಳಿ ಕೇಳಿ ಗುಡುಗಣ್ಣನಿಗೆ ಆ ರಸ್ತೆ ಅಂಗೈ ಗೆರೆಯಷ್ಟು ಪರಿಚಯ. ಮೊಬೈಲಿನೊಳಗಿನ ಹೆಂಗಸು ಬಲಕ್ಕೆ ಎಂದಳು. ಗುಡುಗಣ್ಣ ಚಪ್ಪಾಳೆ ತಟ್ಟಿದ. ಮುಂದಿನ ಸೀಟಿಗೆ ಗುದ್ದಿದ.

"ಏನ್ ಮಾವ? ನೀರು ಬೇಕಾ?" ಎಂದ ಅಳಿಯ.

"ಅವರಿಗೆ ಖುಷಿಯಾಗಿದೆ, ನೀವು ಓಡಿಸಿ ಅಳಿಯಂದ್ರೇ" ಎಂದಳು ಹೆಂಡತಿ.

ವ್ಯಾನು ಬಲಕ್ಕೆ ಹೋಯಿತು. ಹೋಗಿ ಹೋಗಿ ಒಂದು ಇಟ್ಟಿಗೆ ಭಟ್ಟಿಯ ಅಂಗಳದಲ್ಲಿ ನಿಂತಿತು. ಮುಂದೆ ದಾರಿಯೇ ಇರಲಿಲ್ಲ. ಒಂದು ನಾಯಿ ಎದ್ದು ಬಂದು ಇವರನ್ನು ನೋಡಿ, ಬೊಗಳುವಷ್ಟು ಯೋಗ್ಯತೆಯೂ ಇವರಿಗಿಲ್ಲ ಎಂಬಂತೆ ಮತ್ತೆ ಮಲಗಿಕೊಂಡಿತು. ಗುಡುಗಣ್ಣ ಕಿಟಕಿಯಾಚೆ ಮುಖ ತಿರುಗಿಸಿ ಕುಳಿತ. ಒಂದು ಮಾತು, 'ಎಡಕ್ಕೆ' ಎಂಬ ಒಂದೇ ಮಾತು ಆಡಿದ್ದರೆ ಸಾಕಿತ್ತು. ಪಕ್ಕದಲ್ಲಿ ಪುಟ್ಟಿ ಕೂತಿದ್ದಳು. ಆಡಲಿಲ್ಲ.

ಮೊದಲು ಕೆರೆಗೆ ಹೋದರು. ಬೇಸಿಗೆಗೆ ನೀರು ಒಳಕ್ಕೆ ಸರಿದು ಅಂಚಿನ ಕೆಸರು ಬಿರುಕು ಬಿಟ್ಟಿತ್ತು. ನಡುವಿನ ನೀರಿನಲ್ಲಿ ಉದ್ದ ಕಾಲಿನ ಬಿಳಿ ಹಕ್ಕಿಗಳು ಮದುವೆ ಮನೆಯ ಹಿರಿಯರ ಹಾಗೆ ಗಂಭೀರವಾಗಿ ನಿಂತಿದ್ದವು. ಎಷ್ಟೋ ತಲೆಮಾರಿನ ಹಿಂದೆ ಯಾರೋ ಕಟ್ಟಿದ ಕಲ್ಲಿನ ಸೇತುವೆಯೊಂದು ಕೆರೆಯ ಕೋಡಿಯ ಮೇಲೆ ಬಾಗಿ ನಿಂತಿತ್ತು. ಅದರ ಕಲ್ಲುಗಳ ಸಂದಿಗೆ ಗಾರೆ ಇರಲಿಲ್ಲ, ಒಂದರ ಭಾರಕ್ಕೆ ಒಂದು ನಿಂತಿತ್ತು. ಹೆಂಡತಿ ಸೇತುವೆಯ ಮೇಲೆ ಕೈಯಾಡಿಸಿ, "ಹೊಲಿಗೇನೇ ಕಾಣಲ್ಲ ನೋಡಿ" ಎಂದಳು. ಅವಳ ಮುಖ ಬಿಸಿಲಿಗೆ ಕೆಂಪಾಗಿತ್ತು. ಎಷ್ಟು ದಿನವಾಗಿತ್ತು ಅವಳು ಮಿಷನ್ನಿನ ದೀಪದ ಕೆಳಗಲ್ಲದೆ ಬೇರೆ ಬೆಳಕಿನಲ್ಲಿ ಕಂಡು, ಎಂದುಕೊಂಡ ಗುಡುಗಣ್ಣ. ಹೌದು ಎನ್ನಬೇಕೆನ್ನಿಸಿತು. ತಲೆಯಾಡಿಸಿದ. ಅವಳು ಆಗಲೇ ಆಚೆ ನೋಡುತ್ತಿದ್ದಳು.

ಮಧ್ಯಾಹ್ನಕ್ಕೆ ಹೊಳೆಯ ದಡ. ಬಂಡೆಗಳ ನಡುವೆ ತಿಳಿನೀರಿನ ಮಡು, ಮೇಲೆ ದೊಡ್ಡ ಮರಗಳ ನೆರಳು. ಬರುವ ದಾರಿಯಲ್ಲಿ ಕಲ್ಲಂಗಡಿ ಕೊಂಡಿದ್ದರು. ರಾಶಿಯ ಮುಂದೆ ಕೂತು ಗುಡುಗಣ್ಣನೇ ಒಂದೊಂದಕ್ಕೂ ಬೆರಳಿನಿಂದ ತಟ್ಟಿ, ಕಿವಿ ಕೊಟ್ಟು, ಎಲ್ಲರ ತಾಳ್ಮೆ ಮುಗಿಯುವವರೆಗೆ ಹುಡುಕಿ ಒಂದನ್ನು ಆರಿಸಿದ್ದ. ಅದನ್ನು ಟವೆಲ್ಲಿನಲ್ಲಿ ಸುತ್ತಿ ಹೊಳೆಯಲ್ಲಿ ಮುಳುಗಿಸಿ ಮೇಲೆ ಕಲ್ಲಿಟ್ಟರು. ಬ್ರೆಡ್ಡು, ಬೇಯಿಸಿದ ಮೊಟ್ಟೆ, ಸೌತೆಕಾಯಿ ತಿಂದಾದ ಮೇಲೆ ಕೊಯ್ದರೆ ಒಳಗೆ ಕೆಂಡದಂಥ ಕೆಂಪು. ಅವನಿಗೆ ಗಟ್ಟಿ ಪದಾರ್ಥ ಇಳಿಯುವುದು ಕಷ್ಟ. ಹೆಂಡತಿ ನಡುವಿನ ತಿರುಳು ತೆಗೆದು, ಬೀಜ ಬಿಡಿಸಿ, ಚಮಚದಲ್ಲಿ ಅರೆದು ಬಟ್ಟಲಿಗೆ ಹಾಕಿ ಅವನ ಮುಂದಿಟ್ಟಳು. ತಾನು ಸಿಪ್ಪೆಯ ಹತ್ತಿರದ ಬಿಳಿಯನ್ನು ಕಚ್ಚುತ್ತಾ ಕೂತಳು.

"ಅಜ್ಜನಿಗೇ ಮಧ್ಯದ್ದೆಲ್ಲಾ!" ಎಂದಳು ಪುಟ್ಟಿ. ಅಜ್ಜಿ ಅತ್ತ ತಿರುಗಿದಾಗ ಬಟ್ಟಲಿಗೆ ಕೈಹಾಕಿ ಒಂದು ಹಿಡಿ ಬಾಯಿಗೆ ತುಂಬಿಕೊಂಡಳು. ಅಜ್ಜ ನೋಡಿದ. ಅಜ್ಜ ನೋಡಿದ್ದನ್ನು ಅವಳೂ ನೋಡಿದಳು. ಕೆನ್ನೆ ಉಬ್ಬಿಸಿಕೊಂಡು ಮೆಲ್ಲಗೆ ಕೇಳಿದಳು: "ಅಜ್ಜಾ, ನಿನ್ನ ಗುಡುಗು ಎಲ್ಲಿ ಹೋಯ್ತು?"

ಗುಡುಗಣ್ಣ ಆಕಾಶದ ಕಡೆ ಬೆರಳು ತೋರಿಸಿದ. ಮಗು ತಲೆಯೆತ್ತಿ ನೋಡಿತು. ಒಂದು ಮೋಡವೂ ಇರಲಿಲ್ಲ.

ಸಂಜೆಗೆ ಮುಂಚೆ ತಲುಪಿದ್ದು ಹಳೆಯ ಸಭಾಮಂದಿರಕ್ಕೆ. ಯಾವನೋ ರಾಜ ಕಟ್ಟಿಸಿದ್ದು. ಹೊರಗಿನಿಂದ ನೋಡಿದರೆ ಬೋರಲು ಹಾಕಿದ ಕೊಪ್ಪರಿಗೆಯಂಥ ಗುಮ್ಮಟ. ಬಾಗಿಲಲ್ಲಿ ಚೀಟಿ ಹರಿಯುವವನು ಒಬ್ಬ, ಒಳಗೆ ಜನರನ್ನು ಗುಂಪು ಮಾಡಿ ವಿವರಿಸುವ ಗೈಡು ಒಬ್ಬ. ಗೈಡಿನ ದನಿ ಚೆನ್ನಾಗಿತ್ತು. ಅದೇ ಗುಡುಗಣ್ಣನಿಗೆ ಆಗಲಿಲ್ಲ. "ಬನ್ನಿ, ಬನ್ನಿ, ಜಗತ್ತಿನಲ್ಲೇ ಇಂಥದ್ದು ಇನ್ನೊಂದಿಲ್ಲ" ಎಂದು ಅವನು ಶುರು ಮಾಡಿದ. ದೋಷ ಹೇಳದೆ ಗುಣ ಹೇಳುವವನು ಕಳ್ಳ ಎಂದು ಗುಡುಗಣ್ಣ ಮನಸ್ಸಿನಲ್ಲೇ ತೀರ್ಮಾನಿಸಿದ. ಛಾವಣಿಯಲ್ಲಿ ಬಿರುಕು ಕಾಣುತ್ತಿತ್ತು, ಒಂದು ಕಡೆ ಪಾರಿವಾಳದ ಹಿಕ್ಕೆ ಗೋಡೆಯುದ್ದಕ್ಕೆ ಸುರಿದಿತ್ತು. ಅದನ್ನು ಮೊದಲು ಹೇಳಬೇಡವೇ?

"ಈಗ ಎಲ್ಲರೂ ಮೇಲೆ ಹೋಗೋಣ. ಗುಮ್ಮಟದ ಬುಡದಲ್ಲಿ ಸುತ್ತಲೂ ಜಗಲಿ ಇದೆ. ಆ ಜಗಲಿಯ ವಿಶೇಷ ಏನಪ್ಪಾ ಅಂದ್ರೆ..." ಎಂದು ಗೈಡು ದನಿ ತಗ್ಗಿಸಿದ.

ವಿಶೇಷ ಏನೆಂದು ಗುಡುಗಣ್ಣ ಕೇಳಲಿಲ್ಲ. ಕೈ ಝಾಡಿಸಿ ಗುಂಪಿನಿಂದ ಹೊರಬಂದು ಒಬ್ಬನೇ ಮೆಟ್ಟಿಲು ಹತ್ತತೊಡಗಿದ. ಗೋಡೆಯೊಳಗೆ ಸುರುಳಿ ಸುತ್ತಿದ ಇಕ್ಕಟ್ಟು ಮೆಟ್ಟಿಲು, ಒಂದೊಂದೂ ಮೊಣಕಾಲೆತ್ತರ. ಹಿಂದಿನಿಂದ ಹೆಂಡತಿ ಕೂಗುವುದು ಕೇಳಿಸಿತು, "ಏನ್ರೀ, ನೀರಿನ ಬಾಟ್ಲಿ!" ಗಂಟಲು ಆಗಾಗ ಒದ್ದೆ ಮಾಡಿಕೊಳ್ಳದಿದ್ದರೆ ಅವನಿಗೆ ಕೆಮ್ಮು ಹತ್ತುತ್ತಿತ್ತು. ಆದರೂ ನಿಲ್ಲಲಿಲ್ಲ. ಸಿಟ್ಟು ಬಂದವನು ಬಾಟ್ಲಿಗಾಗಿ ಕೆಳಗಿಳಿದರೆ ಸಿಟ್ಟಿನ ಮರ್ಯಾದೆ ಏನಾಗಬೇಕು?

ಮೇಲೆ ತಂಪಾಗಿತ್ತು. ಗುಮ್ಮಟದ ಒಳಗೋಡೆಗೆ ಅಂಟಿಕೊಂಡು ದುಂಡಗೆ ಸುತ್ತಿದ ಜಗಲಿ, ಅಂಚಿಗೆ ಕಬ್ಬಿಣದ ಕಟಕಟೆ, ನಡುವೆ ದೊಡ್ಡ ಬಯಲು, ಕೆಳಗೆ ಇರುವೆಯಂತೆ ಜನ. ಅವನು ನಡೆದು ನಡೆದು ಬಾಗಿಲಿಗೆ ನೇರ ಎದುರಿನ ಬದಿಗೆ ಹೋಗಿ ಗೋಡೆಗೆ ತಲೆಯಾನಿಸಿ ಕುಳಿತ. ಅಲ್ಲಿಂದ ಬಾಗಿಲ ಕಡೆಯವರು ಬೊಂಬೆಯಷ್ಟು ಕಾಣುತ್ತಿದ್ದರು. ಒಬ್ಬೊಬ್ಬರಾಗಿ ಏದುಸಿರು ಬಿಡುತ್ತಾ ಹೊರಬಂದರು. ಗೈಡು ಬಂದ. ಪೇಟ ಸುತ್ತಿದ ಮುದುಕನೊಬ್ಬ ಬಂದ. ಪುಟ್ಟಿಯನ್ನು ಎತ್ತಿಕೊಂಡು ಅಳಿಯ ಬಂದ, ಮಗಳು ಬಂದಳು. ಎಲ್ಲರಿಗಿಂತ ಕೊನೆಗೆ, ಗೋಡೆ ಹಿಡಿದುಕೊಂಡು, ಒಂದು ಕಾಲೆಳೆದು ಇನ್ನೊಂದು ಕಾಲೆಳೆದು, ಹೆಂಡತಿ ಬಂದಳು.

ಅವಳ ಮಂಡಿ ಕೆಟ್ಟು ಬಹಳ ದಿನವಾಗಿತ್ತು. ಮಿಷನ್ನಿನ ಪೆಡಲು ತುಳಿದು ತುಳಿದು ಕೆಟ್ಟದ್ದು, ಆಸ್ಪತ್ರೆಯ ಮೂರನೇ ಮಹಡಿಗೆ ಹತ್ತಿ ಇಳಿದು ಪೂರ್ತಿ ಕೈಕೊಟ್ಟಿತು. ಇವಳು ಯಾಕೆ ಹತ್ತಿದಳು, ಕೆಳಗೆ ಕೂರಬಾರದಿತ್ತೇ ಎಂದು ಅವನಿಗೆ ರೇಗಿತು. ಆಗ ಅವಳ ಕೈಯಲ್ಲಿದ್ದುದು ಕಂಡಿತು. ನೀರಿನ ಬಾಟ್ಲಿ.

ಅವಳು ಅಲ್ಲೇ ಕುಸಿದು ಕೂತು ಮಂಡಿ ನೀವಿಕೊಂಡಳು. ಗೈಡು ತುಟಿಯ ಮೇಲೆ ಬೆರಳಿಟ್ಟು ಎಲ್ಲರಿಗೂ ಏನೋ ಸನ್ನೆ ಮಾಡಿದ. ಜನರೆಲ್ಲ ಸಾಲಾಗಿ ಗೋಡೆಗೆ ಕಿವಿಯಾನಿಸಿ ಹಲ್ಲಿಗಳ ಹಾಗೆ ಅಂಟಿಕೊಂಡರು. ಕಾಸು ಕೊಟ್ಟು ಬಂದು ಗೋಡೆಗೆ ಅಂಟುವ ಮೂರ್ಖರು ಎಂದುಕೊಂಡ ಗುಡುಗಣ್ಣ. ಇಡೀ ಗುಮ್ಮಟ ನಿಶ್ಶಬ್ದವಾಯಿತು. ಪಾರಿವಾಳಗಳೂ ಸುಮ್ಮನಾದವು. ಸುತ್ತಮುತ್ತ ನರಪಿಳ್ಳೆಯಿಲ್ಲ. ಬಚ್ಚಲುಮನೆಗಿಂತ ಒಳ್ಳೆಯ ಜಾಗ. ಅವನ ಕಣ್ಣು ದೂರದ ಆ ಕುಸಿದು ಕೂತ ಆಕೃತಿಯ ಮೇಲಿತ್ತು. ತುಟಿ ತಾನಾಗಿಯೇ ಅಲುಗಿತು.

"ಬನ್ನಿ ಬನ್ನಿ, ಮಾಲು ನೋಡ್ಕೊಳ್ಳಿ" ಎಂದು ಗೋಡೆಯ ಕಡೆ ಪಿಸುಗುಟ್ಟಿದ. "ಮೊದಲು ದೋಷ ಹೇಳ್ತೀನಿ, ಆಮೇಲೆ ನನ್ನ ಹತ್ರ ಬಂದು ಅಳಬಾರ್ದು. ಹಳೇ ಮಾಲು. ಮಂಡಿ ಎರಡೂ ಸವೆದಿದಾವೆ, ಕೂತ್ರೆ ಏಳೋಕಾಗಲ್ಲ, ಎದ್ರೆ ಕೂರೋಕಾಗಲ್ಲ. ಬಾಯಿಗೆ ಬೀಗ ಅನ್ನೋದೇ ಇಲ್ಲ. ನನ್ನ ಮಾತನ್ನೂ ಇವಳೇ ಆಡ್ತಾಳೆ, ಅದೂ ಉಲ್ಟಾ. ನಾನು ಫ್ಯಾನು ಅಂದ್ರೆ ಉಪ್ಪು ತರ್ತಾಳೆ. ಗೊರಕೆ ಹೊಡೀತಾಳೆ, ಕೇಳಿದ್ರೆ ಮಿಷನ್ ಸದ್ದು ಅಂತಾಳೆ. ಮಲಗಿದ ಮೇಲೆ ಮಿಷನ್ ಯಾರು ತುಳೀತಾರೆ, ಅವಳಪ್ಪನಾ?"

ಎದುರು ಬದಿಯಲ್ಲಿ ಹಲ್ಲಿಗಳ ಸಾಲು ಅಲ್ಲಾಡಿತು. ಕೆಲವರು ಬಾಯಿ ಮುಚ್ಚಿಕೊಂಡು ಬಾಗಿದರು. ಮಗಳು ತಾಯಿಯ ತೋಳು ಹಿಡಿದು ಎಳೆಯುತ್ತಿರುವುದು ಕಂಡಿತು. ಹೆಂಡತಿ ಗೋಡೆ ಹಿಡಿದು ಎದ್ದು ನಿಂತಳು. ಹೊರಟಳು ಎಂದುಕೊಂಡ. ಒಂದು ಕ್ಷಣ ನಿಂತವಳು ಮಗಳ ಕೈ ಕೊಡವಿ ಮತ್ತೆ ಕುಳಿತುಕೊಂಡಳು, ಕಿವಿಯನ್ನು ಗೋಡೆಗೆ ಇನ್ನಷ್ಟು ಒತ್ತಿ. ಏನಾಗಿದೆ ಇವಳಿಗೆ?

"ದೋಷ ಮುಗೀತು. ಈಗ ಗುಣ" ಎಂದ. ಗಂಟಲು ಒಣಗುತ್ತಿತ್ತು. ನಿಲ್ಲಿಸಲು ಮನಸ್ಸಾಗಲಿಲ್ಲ. "ಆಸ್ಪತ್ರೆ ನೆಲದ ಮೇಲೆ ಬರೀ ಸೆರಗು ಹಾಸ್ಕೊಂಡು ಮಲಗಿದ ಹೆಂಗಸು ಇದು. ನನಗೆ ನಳಿಗೇಲಿ ಊಟ ಇಳಿಸ್ವಾಗ ತಾನೂ ಬಾಯಿ ತೆರೀತಿದ್ಲು, ಮಗೂಗೆ ತುತ್ತು ಕೊಡೋ ಹಾಗೆ. ಗಂಟಲು ಹೊಲಿದ ಡಾಕ್ಟರಿಗೇನೇ, 'ಹೊಲಿಗೆ ಒಂಚೂರು ಸೊಟ್ಟ ಬಂದಿದೆಯಲ್ಲ ಸಾರ್' ಅಂದವಳು. ನಾನು ಗೋಡೆ ಕಡೆ ಮುಖ ತಿರುಗಿಸಿ ಮಲಗಿದ್ರೆ ಮಂಚ ಸುತ್ಕೊಂಡು ಆ ಕಡೆ ಬಂದು ನಿಂತ್ಕೋತಿದ್ಲು. ಸಾಯೋಕೂ ಬಿಡ್ಲಿಲ್ಲ ನೋಡಿ ನನ್ನನ್ನ. ಕಲ್ಲಂಗಡಿ ತಂದ್ರೆ ತಿರುಳು ನನಗೆ, ಸಿಪ್ಪೆ ಅವಳಿಗೆ. ಈಗ ನೋಡಿ, ಆ ಸವೆದ ಮಂಡೀಲಿ ಈ ಹಾಳು ಮೆಟ್ಟಿಲೆಲ್ಲಾ ಹತ್ತಿ ಬಂದಿದಾಳೆ. ಯಾಕೆ? ಈ ಮುಠ್ಠಾಳ ಬಾಟ್ಲಿ ಬಿಟ್ಟು ಬಂದ ಅಂತ. ತಾನು ಒಂದು ಗುಟುಕೂ ಕುಡಿದಿರಲ್ಲ, ನನಗೆ ಗೊತ್ತು."

ಅವನು ಉಸಿರು ತೆಗೆದುಕೊಂಡ.

"ಬದುಕಿದೀನಿ, ಇವಳಿಂದ. ಇದನ್ನ ಒಂದು ಸಲಾನೂ ಅವಳಿಗೆ ಹೇಳಿಲ್ಲ. ದನಿ ಇದ್ದಾಗ ಊರಿಗೆಲ್ಲಾ ಕೂಗಿದೆ, ಇವಳಿಗೆ ಮಾತ್ರ ಬೈದೆ. ಹಲ್ಲಿದ್ದಾಗ ಕಡಲೆ ಇಲ್ಲ ಅಂತಾರಲ್ಲ, ಹಾಗಾಯ್ತು. ಹೂಂ, ಸವಾಲು ಕೂಗ್ರಪ್ಪಾ. ಯಾರೂ ಇಲ್ವಾ? ಒಂದು ಸಲ... ಎರಡು ಸಲ..."

ಹಳೆಯ ಅಭ್ಯಾಸದಂತೆ ಅಂಗೈಗೆ ಅಂಗೈ ಹೊಡೆಯಲು ಕೈಯೆತ್ತಿದ.

"ಸ್ವಲ್ಪ ನಿಲ್ರೀ" ಎಂದಿತು ಗೋಡೆ.

ಗುಡುಗಣ್ಣ ಎತ್ತಿದ ಕೈಯನ್ನು ಹಾಗೇ ಹಿಡಿದ. ತಿರುಗಿ ನೋಡಿದ. ಯಾರೂ ಇಲ್ಲ. ಕಿವಿಯ ಪಕ್ಕದಲ್ಲೇ, ಒಂದೇ ದಿಂಬಿನ ಮೇಲೆ ಮಲಗಿ ಆಡಿದಷ್ಟು ಹತ್ತಿರದಲ್ಲಿ, ಅವನ ಹೆಂಡತಿಯ ದನಿ.

"ಗೊರಕೆ ನಂದಲ್ಲ. ಮಿಷನ್ನೇ."

ಎದುರು ಬದಿಯಿಂದ ಒಂದು ನಗೆ ಎದ್ದು ಗುಮ್ಮಟದ ತುಂಬ ಉರುಳಾಡಿತು. ಆಗ ಅವನಿಗೆ ಎಲ್ಲ ಅರ್ಥವಾಯಿತು: ಈ ಬದಿಯ ಪಿಸುಮಾತನ್ನು ಗೋಡೆ ಆ ಬದಿಯ ಕಿವಿಗೆ ಮುಟ್ಟಿಸುತ್ತದೆಂಬ, ಗೈಡು ಹೇಳಲು ಹೊರಟಿದ್ದ ವಿಶೇಷ, ಗೋಡೆಗೆ ಅಂಟಿದ ಕಿವಿಗಳು, ಹೆಂಡತಿ ಎದ್ದು ಮತ್ತೆ ಕೂತದ್ದು. ಇಷ್ಟೂ ಜನರ ಕಿವಿಯಲ್ಲಿ ಅವನು ಹೆಂಡತಿಯನ್ನು ಹರಾಜಿಗಿಟ್ಟಿದ್ದ! ಮುಖಕ್ಕೆ ಬೆಂಕಿ ಹತ್ತಿದಂತಾಯಿತು. ಎದ್ದು ಓಡಬೇಕು. ಆದರೆ ಓಡುವುದೆಲ್ಲಿಗೆ? ಇಳಿಯುವ ಬಾಗಿಲು ಅವರ ಕಡೆಯೇ ಇತ್ತು. ಯಾವ ರಾಜನೋ ಏನೋ, ಒಂದೇ ಬಾಗಿಲು ಇಡಿಸಿದ್ದಾನೆ, ಮುಂಡೇಗಂಡ.

"ಯಜಮಾನ್ರೇ" ಎಂದಿತು ಗೋಡೆ, ಈ ಸಲ ಪೇಟದ ಮುದುಕನ ದನಿಯಲ್ಲಿ, "ನಂದೊಂದು ಸವಾಲು ಬರ್ಕೊಳ್ಳಿ. ನಮ್ಮನೇದೂ ಹಳೇ ಮಾಲೇ, ಬದಲಾಯಿಸ್ಕೊಳ್ಳೋಣ್ವಾ?"

"ಮಾಲು ಮಾರಾಟಕ್ಕಿಲ್ಲ, ಕೂತ್ಕೊಳ್ರೀ!" ಎಂದು ಗುಡುಗಣ್ಣ ಗದರಿದ. ಗದರಿದ್ದೂ ಪಿಸುಮಾತೇ. ಆದರೆ ಅದು ಗೋಡೆಯ ಉದ್ದಕ್ಕೂ ಓಡಿ ಮುದುಕನಿಗೆ ತಲುಪಿತು. ಅವನು ಪೇಟ ತೆಗೆದು ಆ ಕಡೆಯಿಂದಲೇ ತಲೆಬಾಗಿಸಿದ. ಮತ್ತೆ ನಗೆ. ಅದರಲ್ಲಿ ಕುಹಕವಿರಲಿಲ್ಲ, ಅದನ್ನು ಗುಡುಗಣ್ಣ ಬಲ್ಲ. ಪೆಟ್ಟಿಗೆಯ ಮೇಲೆ ನಿಂತು ಅಷ್ಟು ವರ್ಷ ಜನರ ನಗೆಗಳನ್ನು ಕಲ್ಲಂಗಡಿಯ ಹಾಗೆ ತಟ್ಟಿ ನೋಡಿದವನು ಅವನು.

ಆಮೇಲೆ ನಗೆ ನಿಂತಿತು. ಸಣ್ಣದೊಂದು ದನಿ ಬಂತು.

"ಅಜ್ಜಾ? ನೀನು ಗೋಡೆ ಒಳಗಿದೀಯಾ?"

ಇದೇ ಪಿಸುಮಾತಿಗೆ ಕಿರುಚಿ ಓಡಿದ ಮಗು. ಈಗ ಬಾಯಿ ಮುಚ್ಚಿದರೆ ಮುಚ್ಚಿತು, ಯಾರೂ ಏನೂ ಅನ್ನುವುದಿಲ್ಲ. ಕೆಳಗಿಳಿದು ವ್ಯಾನು ಹತ್ತಿದರೆ ಮತ್ತೆ ಚಪ್ಪಾಳೆ, ಮತ್ತೆ ಚಮಚ, ಮತ್ತೆ ಉಪ್ಪು. ಎದುರು ಬದಿಯಲ್ಲಿ ಹೆಂಡತಿ ಅಲುಗದೆ ಕೂತಿದ್ದಳು. ಅವಳೇ ಅವನ ಬದಲು ಏನಾದರೂ ಹೇಳಿಬಿಡುತ್ತಾಳೆ ಎಂದು ಕಾದ. ಅವಳು ಹೇಳಲಿಲ್ಲ. ಎರಡೂ ಕೈಯಿಂದ ತನ್ನ ಬಾಯಿಯನ್ನು ಗಟ್ಟಿಯಾಗಿ ಮುಚ್ಚಿಕೊಂಡಿದ್ದಳು.

"ಇಲ್ಲ ಪುಟ್ಟೀ" ಎಂದ ಅವನು. "ಎದುರಿಗೇ ಇದೀನಿ, ನೋಡು. ಕೈ ಬೀಸ್ತಾ ಇದೀನಿ."

ಕೈ ಬೀಸಿದ. ಅಷ್ಟು ದೂರದಿಂದ ಒಂದು ಪುಟ್ಟ ಕೈ ಮೇಲೆದ್ದಿತು.

"ಅಜ್ಜಾ, ನನ್ನನ್ನೂ ಕೂಗು!"

"ಮೊದಲು ದೋಷ" ಎಂದ. ಹೇಳುತ್ತಾ ಅವನ ಕಣ್ಣು ತುಂಬಿತು. ಅಷ್ಟು ದೂರಕ್ಕೆ ಅದು ಕಾಣುವುದಿಲ್ಲ ಎಂಬುದೊಂದು ಸಮಾಧಾನ. "ಈ ಮಾಲು ಅಜ್ಜನ ಬಟ್ಟಲಿಂದ ಕಲ್ಲಂಗಡಿ ಕದಿಯುತ್ತೆ."

"ಅಯ್ಯೋ, ಹೇಳಬೇಡ!" ಎಂದು ಪುಟ್ಟಿ ಕಿರುಚಿದಳು. ಗುಮ್ಮಟ ಆ ಕಿರುಚಾಟವನ್ನು ಮತ್ತೆ ಮತ್ತೆ ಹೇಳಿತು. ಮಗು ತನ್ನದೇ ದನಿ ಕೇಳಿ ಕೇಕೆ ಹಾಕಿತು.

ಅಷ್ಟರಲ್ಲಿ ಹೆಂಡತಿ ಎದ್ದು ಕಟಕಟೆ ಹಿಡಿದುಕೊಂಡು ಜಗಲಿಯ ಸುತ್ತು ಹಾಕಿ ಬರತೊಡಗಿದ್ದಳು. ಅವನೂ ಎದ್ದು ನಡೆದ. ಅರ್ಧ ದಾರಿಯಲ್ಲಿ ಎದುರಾದರು. ಅವಳ ಮುಖವೆಲ್ಲ ಒದ್ದೆ. ಸೆರಗಿನಿಂದ ಮೂಗೊರೆಸಿಕೊಂಡು ಬಾಟ್ಲಿಯ ಮುಚ್ಚಳ ತಿರುಗಿಸಿ ಅವನ ಮುಂದೆ ಹಿಡಿದಳು.

"ಮೊದಲು ನೀನು ಕುಡಿ" ಎಂದ ಅವನು.

ಅವಳು ಅವನನ್ನೇ ನೋಡಿದಳು. ಗಟಗಟನೆ ಅರ್ಧ ಬಾಟ್ಲಿ ಕುಡಿದು ಕೊಟ್ಟಳು. "ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಇದೇ ಮಾಡ್ತಿದ್ರಾ? ನೀರೆಲ್ಲಾ ದಂಡ ಮಾಡ್ತೀರ ಅಂತ ನಾನು ದಿನಾ ಶಾಪ ಹಾಕ್ತಿದ್ನಲ್ರೀ."

"ದೋಷ ಕೇಳಿ ಎದ್ದೆಯಲ್ಲ. ಹೋಗ್ತೀಯ ಅಂದ್ಕೊಂಡೆ."

"ಹೋದ್ರೆ ಮಾಲು ದಕ್ಕುತ್ತಾ?" ಎಂದಳು ಅವಳು. "ನಿಮ್ಮ ಮಾರುಕಟ್ಟೆ ಕಾನೂನು ನನಗೆ ಗೊತ್ತಿಲ್ವಾ?"

ಕೆಳಗಿಳಿಯುವಾಗ ಗೈಡು ಅಡ್ಡ ಬಂದು ಕೈಮುಗಿದ. "ಇಷ್ಟು ವರ್ಷ ಬೆಂಕಿಕಡ್ಡಿ ಗೀರಿ ಸದ್ದು ಕೇಳಿಸ್ತಿದ್ದೆ, ಸಾರ್. ಇನ್ನು ನನ್ನ ಕಡ್ಡಿ ಯಾರು ಕೇಳ್ತಾರೆ?" ಗುಡುಗಣ್ಣನಿಗೆ ಅವನ ಮೇಲಿದ್ದ ಸಿಟ್ಟು ಇಳಿದಿತ್ತು. ಆದರೂ ಹೇಳಬೇಕಾದ್ದನ್ನು ಹೇಳಿಯೇ ಇಳಿದ: "ಛಾವಣಿ ಬಿರುಕು ಬಿಟ್ಟಿದೆ. ಅದನ್ನ ಮೊದಲು ಹೇಳಿ. ಆಮೇಲೆ ನೀವು ಏನು ಹೇಳಿದ್ರೂ ಜನ ನಂಬ್ತಾರೆ."

ಮೆಟ್ಟಿಲ ಮೇಲೆ ಹೆಂಡತಿಯ ಮುಂದೆ ಅವನೇ ಇಳಿದ, ಒಂದೊಂದು ಮೆಟ್ಟಿಲಿಗೂ ತಿರುಗಿ ನಿಂತು, ಅವಳ ಕೈ ತನ್ನ ಹೆಗಲಿಗೆ ಬರುವ ತನಕ ಕಾದು. ಹೆಗಲ ಮೇಲೆ ಆ ಕೈಯ ಭಾರ ಬಿದ್ದಾಗಲೆಲ್ಲ, ಇದನ್ನು ಹೊರಲು ನನ್ನನ್ನು ಉಳಿಸಿದಿರಲ್ಲ ಎಂದು ಯಾರಿಗೋ ಮನಸ್ಸಿನಲ್ಲೇ ಕೈಮುಗಿದ. ಡಾಕ್ಟರಿಗೋ, ದೇವರಿಗೋ, ಗುಮ್ಮಟ ಕಟ್ಟಿಸಿದ ಆ ಒಂಟಿ ಬಾಗಿಲಿನ ರಾಜನಿಗೋ, ಅವನಿಗೇ ಸ್ಪಷ್ಟವಿರಲಿಲ್ಲ.

ಹೊತ್ತು ಇಳಿಯುತ್ತಿತ್ತು. ವ್ಯಾನು ಹೊರಟಿತು. ಪುಟ್ಟಿ ಅಜ್ಜನ ತೊಡೆಯ ಮೇಲೆ ಕೂತು, ಅವನ ಬಾಯಿಗೆ ತನ್ನ ಕಿವಿ ಒತ್ತಿ, "ಇನ್ನೊಂದು ಹೇಳು, ಇನ್ನೊಂದು ಹೇಳು" ಎನ್ನುತ್ತಿದ್ದಳು. ಪಿಸುಮಾತು ಕಚಗುಳಿಯಿಟ್ಟಾಗ ಕುತ್ತಿಗೆ ಮುದುಡಿಕೊಂಡು ನಗುತ್ತಿದ್ದಳು. ಸ್ವಲ್ಪ ದೂರದಲ್ಲಿ ರಸ್ತೆ ಮತ್ತೆ ಎರಡಾಯಿತು. ಮೊಬೈಲಿನ ಹೆಂಗಸು ಏನೋ ಹೇಳಿದಳು.

"ಬಲಕ್ಕೆ!" ಎಂದ ಗುಡುಗಣ್ಣ.

ಇಂಜಿನ್ನಿನ ಸದ್ದಿನಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಇಲ್ಲಿ ಗುಮ್ಮಟ ಇರಲಿಲ್ಲ. ಅವನ ಮುಖ ಗಂಟಾಯಿತು, ಕೈ ಚಪ್ಪಾಳೆಗೆ ಎದ್ದಿತು. ಹೆಂಡತಿ ಅವನ ಕೈಗಳೆರಡನ್ನೂ ಹಿಡಿದುಕೊಂಡು ಮುಂದಕ್ಕೆ ಬಾಗಿದಳು.

"ಅಳಿಯಂದ್ರೇ, ಗಾಡಿ ನಿಲ್ಸಿ. ಇಂಜಿನ್ ಆಫ್ ಮಾಡಿ. ನಿಮ್ಮ ಮಾವ ಏನೋ ಹೇಳ್ತಿದಾರೆ."

"ಏನಂತೆ ಅತ್ತೆ?"

"ನನಗೇನ್ ಗೊತ್ತು? ಅವರನ್ನೇ ಕೇಳಿ."

ಅಳಿಯ ವ್ಯಾನನ್ನು ರಸ್ತೆಯಂಚಿಗೆ ಸರಿಸಿ ಕೀಲಿ ತಿರುಗಿಸಿದ. ಮಗಳು ಮೊಬೈಲಿನ ಬಾಯಿ ಮುಚ್ಚಿಸಿದಳು. ಹೊಲಗಳ ಮೇಲಿಂದ ಗಾಳಿ ಬೀಸುವುದು ಮಾತ್ರ ಕೇಳುತ್ತಿತ್ತು. ಎಲ್ಲರೂ ಗುಡುಗಣ್ಣನ ಕಡೆ ತಿರುಗಿ ಕೂತರು.

ಅವನು ನೀರು ಕುಡಿದು ಗಂಟಲು ಒದ್ದೆ ಮಾಡಿಕೊಂಡ.

"ಅಳಿಯಾ" ಎಂದ. "ಮೊದಲು ನಿನ್ನ ದೋಷ ಹೇಳ್ತೀನಿ."

"ಹೇಳಿ ಮಾವ" ಎಂದ ಅಳಿಯ, ಸೀಟಿನ ಮೇಲೆ ಗಲ್ಲ ಊರಿ. ಅವನಿಗೆ ಬೈಸಿಕೊಳ್ಳಲು ಇಷ್ಟು ಆಸೆ ಇದೆ ಎಂದು ಯಾರಿಗೂ ತಿಳಿದಿರಲಿಲ್ಲ. "ಪೂರ್ತಿ ಹೇಳಿ. ನಾನು ಎದ್ದು ಹೋಗಲ್ಲ."